ಹಿರಿಯ ಮಿಷನರಿ ದಂಪತಿ ಊರಿಗೆ ಹೊರಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು ಮಿಷನ್‌ಗೆ ಬಂದ ಹಿರಿಯ ದಂಪತಿಯ ಅವಧಿ ಮುಗಿಯುತ್ತಾ ಬಂದ ಹಾಗೆ ವಾರ್ಡಿನಲ್ಲಿ (ಚರ್ಚಿನ ಸ್ಥಳೀಯ ಸಭೆಗೆ ಹೀಗನ್ನುತ್ತಾರೆ) ಒಂದೇ ಥರದ ಪ್ರಶ್ನೆಗಳು ಶುರುವಾಗುತ್ತವೆ. ಕೆಲವನ್ನು ವಾರ್ಡಿನವರು ಕೇಳುತ್ತಾರೆ, ಕೆಲವನ್ನು ಪಕ್ಕದ ಮನೆಯವರು, ಕೆಲವನ್ನು ಹೊರಡುವ ದಂಪತಿಯೇ. ಎಲ್ಲವನ್ನೂ ಒಂದೇ ಕಡೆ ಹಾಕಿದ್ದೇನೆ. ಇದು ಚರ್ಚಿನ ಅಧಿಕೃತ ಸೂಚನೆ ಅಲ್ಲ. ವಾರ್ಡಿನ ಮುಖ್ಯಸ್ಥರಾದ ಬಿಷಪ್ ಬೇರೆ ಹೇಳಿದರೆ ಅವರ ಮಾತೇ ನಡೆಯಬೇಕು.

ಯಾವ ಚರ್ಚ್? ಯಾರು ಈ ಹಿರಿಯ ದಂಪತಿ?

ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಮುಖ್ಯ ಕಚೇರಿ ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿದೆ. ಹೊರಗಿನವರು ಇವರನ್ನು ಮಾರ್ಮನ್ನರು ಅನ್ನುವುದುಂಟು. 2018ರಿಂದ ಚರ್ಚ್ ತನ್ನ ಪೂರ್ತಿ ಹೆಸರನ್ನೇ ಬಳಸಿ ಎಂದು ಕೇಳಿಕೊಳ್ಳುತ್ತಿದೆ. ಬೆಂಗಳೂರಿನಲ್ಲಿ ಮಿಷನ್ ಶುರುವಾಗಿದ್ದು 1993ರಲ್ಲಿ.

ಬಿಳಿ ಅಂಗಿ, ಕಪ್ಪು ಟ್ಯಾಗ್ ಹಾಕಿಕೊಂಡು ಜೋಡಿಯಾಗಿ ಓಡಾಡುವ ಹುಡುಗರನ್ನು ನೀವು ನೋಡಿರಬಹುದು. ಅವರು ಯುವ ಮಿಷನರಿಗಳು. ಹಿರಿಯ ದಂಪತಿ ಎಂದರೆ ಕೆಲಸದಿಂದ ನಿವೃತ್ತರಾಗಿ, ಮಕ್ಕಳನ್ನು ದಡ ಸೇರಿಸಿ, ಗಂಡ ಹೆಂಡತಿ ಒಟ್ಟಿಗೆ ಸೇವೆಗೆ ಬಂದವರು. ಅವಧಿ 6, 12, 18 ಅಥವಾ 23 ತಿಂಗಳು. ಮನೆ ಮನೆಗೆ ಹೋಗಿ ಬೋಧಿಸುವುದು ಸಾಮಾನ್ಯವಾಗಿ ಇವರ ಕೆಲಸ ಅಲ್ಲ. ಒಬ್ಬರು ಮಿಷನ್ ಆಫೀಸಿನ ಲೆಕ್ಕ ನೋಡುತ್ತಾರೆ. ಇನ್ನೊಬ್ಬರು ಯುವ ಮಿಷನರಿಗಳ ಆರೋಗ್ಯ ವಿಚಾರಿಸುತ್ತಾರೆ. ಪರಿಹಾರ ಕೆಲಸಕ್ಕೆ, ಬಿವೈಯು-ಪಾಥ್‌ವೇ (ಚರ್ಚಿನ ಆನ್‌ಲೈನ್ ಕಾಲೇಜು ಶಿಕ್ಷಣ) ವಿದ್ಯಾರ್ಥಿಗಳಿಗೆ ನೆರವಾಗುವುದಕ್ಕೆ ಬರುವವರೂ ಇದ್ದಾರೆ.

ಇವರಿಗೆ ಸಂಬಳ ಬರುತ್ತಾ?

ಇಲ್ಲ. ತಮ್ಮ ದುಡ್ಡಲ್ಲೇ ಬರುತ್ತಾರೆ. ಬಾಡಿಗೆ ಮಾತ್ರ ಕೈ ಮೀರಬಾರದು ಎಂದು 2011ರಲ್ಲಿ ಅವರ ಪಾಲಿಗೆ ತಿಂಗಳಿಗೆ 1,400 ಡಾಲರಿನ ಮಿತಿ ಇಟ್ಟರು. ಅದಕ್ಕೂ ಮೇಲೆ ಆದರೆ ಚರ್ಚ್ ಕೊಡುತ್ತದೆ. ಊಟ, ಔಷಧ, ಫೋನು ಎಲ್ಲ ಪಿಂಚಣಿ ಮತ್ತು ಉಳಿತಾಯದಿಂದ. ಈ ವಿಷಯ ಗೊತ್ತಿದ್ದರೆ ಕೆಳಗಿನ ಕೆಲವು ಉತ್ತರಗಳು ಸುಲಭವಾಗಿ ಅರ್ಥವಾಗುತ್ತವೆ.

ಬೀಳ್ಕೊಡುಗೆಯ ತಯಾರಿ ಯಾವಾಗ ಶುರು ಮಾಡಬೇಕು?

ಹಾರ, ಊಟದ ಏರ್ಪಾಡಿಗೆ ಎರಡು ವಾರ ಸಾಕು. ಕೆಲಸ ವಹಿಸಿಕೊಡುವುದಕ್ಕೆ ಎರಡು ತಿಂಗಳು ಬೇಕು. ನಮ್ಮಲ್ಲಿ ಊಟಕ್ಕೆ ಎರಡು ತಿಂಗಳು ಯೋಚಿಸಿ, ಕೆಲಸವನ್ನು ಕೊನೆಯ ಎರಡು ದಿನಕ್ಕೆ ಬಿಡುತ್ತೇವೆ.

ದಂಪತಿ ಏನೇನು ಮಾಡುತ್ತಿದ್ದಾರೆ ಎಂದು ಒಂದು ಸಂಜೆ ಅವರ ಜೊತೆ ಕೂತು ಬರೆದುಕೊಳ್ಳಿ. ಚರ್ಚ್ ಅವರನ್ನು ಸೇವೆಗೆ ಕರೆದ ಪತ್ರದಲ್ಲಿ ಇರುವುದು ಒಂದೋ ಎರಡೋ ಕೆಲಸ. ನಿಜವಾಗಿ ನಡೆಯುವುದು ಹತ್ತಾರು. ಭಾನುವಾರ ಪಿಯಾನೋ ನುಡಿಸುವವರು ಆ ಸಿಸ್ಟರ್ (ಹೆಂಡತಿಯನ್ನು ಹೀಗೆ, ಗಂಡನನ್ನು ಎಲ್ಡರ್ ಎಂದು ಕರೆಯುತ್ತಾರೆ) ಆಗಿರುತ್ತಾರೆ. ಪಾಥ್‌ವೇ ಹುಡುಗಿಯೊಬ್ಬಳು ಗಣಿತದಲ್ಲಿ ಸಿಕ್ಕಿಕೊಂಡಾಗ ಫೋನ್ ಮಾಡುವುದು ಆ ಎಲ್ಡರ್‌ಗೆ. ಕಾಲು ನೋವಿನಿಂದ ಚರ್ಚಿಗೆ ಬರಲಾಗದ ಅಜ್ಜಿಯನ್ನು ಕ್ಯಾಬಿನಲ್ಲಿ ಕರೆತರುವವರು ಅವರೇ. ಯುವ ಮಿಷನರಿಗಳಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಗೊತ್ತಾಗುವುದು ಅವರಿಗೆ. ಇವು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅವರು ಹೋದ ಮೊದಲ ಭಾನುವಾರ ಅಜ್ಜಿ ಮನೆಯಲ್ಲೇ ಉಳಿದಾಗ ಗೊತ್ತಾಗುತ್ತದೆ.

ಹಾಗಾಗಿ ಪ್ರತಿ ಕೆಲಸದ ಮುಂದೆ ಒಂದು ಹೆಸರು ಬರೆಯಿರಿ. 'ರಿಲೀಫ್ ಸೊಸೈಟಿ (ಚರ್ಚಿನ ಮಹಿಳೆಯರ ಸಂಘ) ನೋಡಿಕೊಳ್ಳುತ್ತದೆ' ಎಂದು ಬರೆಯಬೇಡಿ. ಯಾರು ಎಂದು ಬರೆಯಿರಿ. ಆಮೇಲೆ ಕೊನೆಯ ತಿಂಗಳು ಹೊಸಬರು ಮಾಡಲಿ, ದಂಪತಿ ಪಕ್ಕದಲ್ಲಿ ನಿಂತು ನೋಡಲಿ. ಇದು ಎರಡೂ ಕಡೆಯವರಿಗೆ ಕಷ್ಟ. ಬಹಳ ಜನ ಹಿರಿಯರಿಗೆ ಕೈ ಕಟ್ಟಿ ಕೂರುವುದು ಬರುವುದೇ ಇಲ್ಲ. ಹುಡುಗ ತಪ್ಪು ಸ್ವರ ಒತ್ತಿದ ತಕ್ಷಣ ಎದ್ದು ಪಿಯಾನೋ ಹತ್ತಿರ ಹೋಗಿಬಿಡುತ್ತಾರೆ. ಪ್ರೀತಿಯಿಂದ ಕೂರಿಸಿ.

ಅವರ ಜಾಗಕ್ಕೆ ಬೇರೆ ದಂಪತಿ ಬರುತ್ತಾರಲ್ಲ, ಅವರು ಮಾಡಬಹುದಲ್ವಾ?

ಬರಬಹುದು, ಬರದೆಯೂ ಇರಬಹುದು. ವೀಸಾ ತಡವಾಗುತ್ತದೆ, ಆರೋಗ್ಯ ಕೈಕೊಡುತ್ತದೆ. ಹಿರಿಯರಿಗೆ ಎಲ್ಲಿಗೆ ಹೋಗಬೇಕೆಂದು ಇಷ್ಟ ಹೇಳುವ ಅವಕಾಶವೂ ಇದೆ. ಎಲ್ಲರೂ ಬೆಂಗಳೂರನ್ನೇ ಕೇಳುವುದಿಲ್ಲ. ಯಾರೂ ಬರುವುದಿಲ್ಲ ಎಂದುಕೊಂಡೇ ಏರ್ಪಾಡು ಮಾಡಿ. ಬಂದರೆ ಲಾಭ.

ಹಳೆಯ ಒಂದು ಉದಾಹರಣೆ ನೆನಪಿಗೆ ಬರುತ್ತದೆ. 1978ರ ಡಿಸೆಂಬರ್‌ನಲ್ಲಿ ಎಡ್ವಿನ್ ಮತ್ತು ಎಲ್ಸಿ ಧರ್ಮರಾಜು ಎಂಬ ದಂಪತಿ ಹೈದರಾಬಾದಿಗೆ ಮಿಷನರಿಗಳಾಗಿ ಬಂದರು. ಮೂಲ ಹೈದರಾಬಾದೇ. ಸಮೋವಾದಲ್ಲಿದ್ದಾಗ ಚರ್ಚ್ ಸೇರಿದ್ದರು. ಇಲ್ಲಿ ಇದ್ದದ್ದು ಸ್ವಲ್ಪ ಕಾಲ ಮಾತ್ರ. ಅಷ್ಟರಲ್ಲಿ 22 ಜನ ದೀಕ್ಷಾಸ್ನಾನ ಪಡೆದರು, ಹೆಚ್ಚಿನವರು ಅವರ ಬಂಧುಗಳೇ. ದಂಪತಿ ಸಮೋವಾಕ್ಕೆ ವಾಪಸ್ ಹೋದರು. ಸಭೆಯನ್ನು ನಡೆಸಬೇಕಾದವರು ಇಲ್ಲಿ ಉಳಿದವರು. ಭಾರತದ ಮೊದಲ ಸ್ಟೇಕ್ (ಹಲವು ವಾರ್ಡುಗಳು ಸೇರಿದ ಘಟಕ) ಆದದ್ದು ಅದೇ ಹೈದರಾಬಾದಿನಲ್ಲಿ, 2012ರಲ್ಲಿ.

ಬೀಳ್ಕೊಡುಗೆಗೆ ಯಾವ ಭಾನುವಾರ ಒಳ್ಳೆಯದು?

ತಿಂಗಳ ಮೊದಲ ಭಾನುವಾರ ಬೇಡ. ಅದು ಫಾಸ್ಟ್ ಸಂಡೆ. ಉಪವಾಸ ಇರುವವರ ಮುಂದೆ ಬಿಸಿಬೇಳೆಬಾತ್ ಪಾತ್ರೆ ತಂದಿಡುವುದು ಚೆನ್ನಾಗಿರಲ್ಲ. ಆ ದಿನ ಮೊದಲೇ ಗೊತ್ತು ಮಾಡಿದ ಭಾಷಣಗಳೂ ಇರುವುದಿಲ್ಲ. ಯಾರಿಗೆ ಅನಿಸುತ್ತದೋ ಅವರು ಎದ್ದು ಬಂದು ಸಾಕ್ಷಿ ಹೇಳುವ ಸಭೆ ಅದು. ಹೊರಡುವ ದಂಪತಿಯೂ ಉಳಿದವರ ಹಾಗೆ ಎರಡು ಮಾತು ಹೇಳಿ ಕೂರಬಹುದು, ಅಷ್ಟೇ. ಪ್ರಯಾಣಕ್ಕೆ ಮುಂಚಿನ ಕೊನೆಯ ಭಾನುವಾರವೂ ಗಡಿಬಿಡಿ. ಅದರ ಹಿಂದಿನ ವಾರ ಇಟ್ಟುಕೊಂಡರೆ ಎಲ್ಲರಿಗೂ ಉಸಿರಾಡಲು ಜಾಗ ಸಿಗುತ್ತದೆ.

ಶಾಲು, ಮೈಸೂರು ಪೇಟ, ಹಾರ ಹಾಕಬಹುದಾ?

ಹಾಕಿ, ಖಂಡಿತ. ಆದರೆ ಭಾನುವಾರದ ಮುಖ್ಯ ಆರಾಧನೆಯಾದ ಸಾಕ್ರಮೆಂಟ್ ಮೀಟಿಂಗಿನಲ್ಲಿ ಅಲ್ಲ. ಆ ಒಂದು ಗಂಟೆ ಕ್ರಿಸ್ತನ ನೆನಪಿಗೆ ಮೀಸಲು. ಅಲ್ಲಿ ಚಪ್ಪಾಳೆ ಇಲ್ಲ, ಸನ್ಮಾನ ಇಲ್ಲ, ಫೋಟೋ ವಿಡಿಯೋನೂ ಇಲ್ಲ. ಹೊಸದಾಗಿ ಸೇರಿದವರಿಗೆ ಇದು ಸಪ್ಪೆ ಅನಿಸುತ್ತದೆ. ನಮ್ಮ ಕಡೆ ಹೈಸ್ಕೂಲ್ ಮೇಷ್ಟ್ರು ವರ್ಗವಾಗಿ ಹೊರಟರೂ ವೇದಿಕೆ, ಹಾರ, ಮೈಕು ಬೇಕು.

ಮೀಟಿಂಗ್ ಎಲ್ಲ ಮುಗಿದ ಮೇಲೆ ಹಾಲ್‌ನಲ್ಲಿ, ಅಥವಾ ಶನಿವಾರ ಸಂಜೆ ಬೇರೆಯಾಗಿ ಕಾರ್ಯಕ್ರಮ ಇಟ್ಟುಕೊಳ್ಳಿ. ನನ್ನ ಮಟ್ಟಿಗೆ ಶನಿವಾರ ಸಂಜೆಯೇ ಮೇಲು. ಭಾನುವಾರ ಅಂಗಡಿಯಲ್ಲಿ ಏನೂ ಕೊಳ್ಳದ ಕುಟುಂಬಗಳು ವಾರ್ಡಿನಲ್ಲಿವೆ. ಐಸ್ ಸಾಲಲಿಲ್ಲ, ತಟ್ಟೆ ಸಾಲಲಿಲ್ಲ ಎಂದು ಓಡಬೇಕಾದ ಪರಿಸ್ಥಿತಿ ಬರಬಾರದು. ಚರ್ಚಿಗೆ ಸೇರದ ನೆರೆಹೊರೆಯವರೂ ಶನಿವಾರ ಸಂಕೋಚವಿಲ್ಲದೆ ಬರುತ್ತಾರೆ.

ಪೇಟ ಇಬ್ಬರಿಗೂ ತನ್ನಿ. ಗಂಡನಿಗೆ ಪೇಟ ತೊಡಿಸಿ ಹೆಂಡತಿ ಕೈಗೆ ಒಂದು ಹೂವು ಕೊಟ್ಟು ಕೂರಿಸುವ ಸನ್ಮಾನ ನನಗೆ ಹಿಡಿಸುವುದಿಲ್ಲ. ಇಬ್ಬರೂ ಮಿಷನರಿಗಳು. ಅರ್ಧಕ್ಕರ್ಧ ಕೆಲಸ ಹೆಂಡತಿಯದೂ ಇದೆ.

ಊಟಕ್ಕೆ ಏನು ಮಾಡಬೇಕು? ಕಾಫಿ ಕೊಡಬಹುದಾ?

ಕಾಫಿ, ಟೀ ಎರಡೂ ಬೇಡ. ಈ ಚರ್ಚಿನವರು ಕಾಫಿ, ಟೀ, ಮದ್ಯ, ತಂಬಾಕು ಮುಟ್ಟುವುದಿಲ್ಲ. ಫಿಲ್ಟರ್ ಕಾಫಿ ಇಲ್ಲದ ಬೀಳ್ಕೊಡುಗೆ ಬೆಂಗಳೂರಿನವರಿಗೆ ಊಹಿಸಲೂ ಕಷ್ಟ, ಒಪ್ಪುತ್ತೇನೆ. ಬಾದಾಮಿ ಹಾಲು, ಮಜ್ಜಿಗೆ, ಪಾನಕ, ರಾಗಿ ಮಾಲ್ಟ್ ಯಾವುದಾದರೂ ಆಗುತ್ತದೆ. ಊಟ ಮನೆಗೊಂದು ಪಾತ್ರೆ ಎಂದು ಹಂಚಿಕೊಳ್ಳಿ. ಒಬ್ಬರು ಪಟ್ಟಿ ಇಟ್ಟುಕೊಳ್ಳದಿದ್ದರೆ ಎಲ್ಲರೂ ಚಿತ್ರಾನ್ನವನ್ನೇ ತರುತ್ತಾರೆ. ದಂಪತಿಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯಾ ಎಂದು ಮೊದಲೇ ಕೇಳಿ.

ದಂಪತಿ ಏನು ಮಾತಾಡಬೇಕು? ಎಷ್ಟು ಹೊತ್ತು?

ಹತ್ತು ಹದಿನೈದು ನಿಮಿಷ, ಬಿಷಪ್ ಹೇಳಿದಷ್ಟು. ಸಾಕ್ರಮೆಂಟ್ ಮೀಟಿಂಗಿನಲ್ಲಿ ಪ್ರವಾಸದ ಕಥೆ ಬೇಡ. ಮೊದಲ ದಿನ ಆಟೋದವರು ಕೇಳಿದ ದರ, ಮೊದಲ ಸಲ ತಿಂದ ಮೆಣಸಿನಕಾಯಿ ಬಜ್ಜಿ, ಇವನ್ನೆಲ್ಲ ಶನಿವಾರಕ್ಕೆ ಇಟ್ಟುಕೊಳ್ಳಲಿ. ಅಲ್ಲಿ ಜನ ಹೊಟ್ಟೆ ಹಿಡಿದು ನಗುತ್ತಾರೆ. ಹೆಸರು ಹಿಡಿದು ವಂದಿಸುವುದರಲ್ಲೂ ಎಚ್ಚರ ಬೇಕು. ಇಪ್ಪತ್ತು ಹೆಸರು ಹೇಳಿ ಇಪ್ಪತ್ತೊಂದನೆಯದನ್ನು ಬಿಟ್ಟರೆ ಆ ಒಬ್ಬರಿಗೆ ಅದು ವರ್ಷಗಟ್ಟಲೆ ಉಳಿಯುತ್ತದೆ.

ಬೆಂಗಳೂರಿನ ಸಭೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತವೆ. ಇಂಗ್ಲಿಷ್ ಅಷ್ಟು ಹಿಡಿಯದ ಹಿರಿಯರ ಪಕ್ಕದಲ್ಲಿ ಒಬ್ಬರು ಕೂತು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಹೋಗಲಿ. ದಂಪತಿ ಕೊನೆಗೆ ಎರಡು ವಾಕ್ಯ ಕನ್ನಡದಲ್ಲೇ ಹೇಳಿದರೆ ಇನ್ನೂ ಚೆನ್ನ. 'ನಿಮ್ಮನ್ನೆಲ್ಲ ತುಂಬಾ ಪ್ರೀತಿಸುತ್ತೇವೆ' ಎನ್ನುವಷ್ಟು ಸಾಕು. ಉಚ್ಚಾರ ತಪ್ಪಾದರೆ ಆಗಲಿ.

ಏನು ಉಡುಗೊರೆ ಕೊಡೋಣ?

ಹಗುರವಾದದ್ದು. ಅವರ ಸೂಟ್‌ಕೇಸ್ ಆಗಲೇ ತುಂಬಿರುತ್ತದೆ. ಒಂದು ಪೆಟ್ಟಿಗೆಗೆ ಸಾಮಾನ್ಯವಾಗಿ 23 ಕಿಲೋ ಮಿತಿ. ದೊಡ್ಡ ಫ್ರೇಮು, ಹಿತ್ತಾಳೆ ದೀಪ, ಗಾಜಿನ ಫಲಕ ಕೊಡಬೇಡಿ. ಎದುರಿಗೆ ನಕ್ಕು ತೆಗೆದುಕೊಳ್ಳುತ್ತಾರೆ, ಆಮೇಲೆ ರಾತ್ರಿ ಕೂತು ಯಾರಿಗೆ ಕೊಡುವುದು ಎಂದು ಸಂಕಟಪಡುತ್ತಾರೆ.

ಚನ್ನಪಟ್ಟಣದ ಗೊಂಬೆ ಒಳ್ಳೆಯ ಆಯ್ಕೆ. ಆಲೆ ಮರದ್ದು, ಹಗುರ, ಮೊಮ್ಮಕ್ಕಳಿಗೂ ಆಗುತ್ತದೆ. ಮೈಸೂರು ಸ್ಯಾಂಡಲ್ ಸೋಪು, ಇಳಕಲ್ ಸೀರೆ, ಮಕ್ಕಳು ಬರೆದ ಚಿತ್ರ, ಎಲ್ಲರೂ ಎರಡೆರಡು ಸಾಲು ಬರೆದ ತೆಳು ಪುಸ್ತಕ. ಗಂಧದ ಕೆತ್ತನೆ ಕೊಡುವುದಾದರೆ ಕಾವೇರಿ ಎಂಪೋರಿಯಂನದ್ದು ಕೊಡಿ, ಬಿಲ್ ಜೊತೆಗಿಡಿ. ಕಟ್ಟಿಗೆ ತುಂಡು ಕೊಡಲೇಬೇಡಿ.

ತಿಂಡಿಯಲ್ಲಿ ಜಾಸ್ತಿ ಎಚ್ಚರ ಬೇಕು. ಅಮೆರಿಕಕ್ಕೆ ಹೋಗುವವರಿಗೆ ಕರಿಬೇವು ಕೊಡಬೇಡಿ. ನಿಂಬೆ, ಕಿತ್ತಳೆ ಗಿಡಗಳ ರೋಗ ಹರಡುವ ಕೀಟ ಅದರಲ್ಲಿ ಬರುತ್ತದೆ ಎಂದು ಅಲ್ಲಿ ಬಿಡುವುದಿಲ್ಲ. ಇಲ್ಲಿಂದ ಅಕ್ಕಿಯನ್ನೂ ಲಗೇಜಿನಲ್ಲಿ ಒಯ್ಯುವಂತಿಲ್ಲ, ಅದಕ್ಕೆ ಕಾರಣ ಖಾಪ್ರಾ ಎಂಬ ಹುಳು. ತಾಜಾ ಮಾವಿನಹಣ್ಣೂ ಬೇಡ. ಅಂಗಡಿಯಲ್ಲಿ ಸೀಲ್ ಮಾಡಿದ ಮೈಸೂರು ಪಾಕ್, ಚಟ್ನಿಪುಡಿ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಏನೇ ಇದ್ದರೂ ಇಳಿದಾಗ ಕಸ್ಟಮ್ಸ್‌ನಲ್ಲಿ ತಿಂಡಿ ಇದೆ ಎಂದು ಹೇಳಲೇಬೇಕು. ಮುಚ್ಚಿಟ್ಟರೆ ದಂಡ ಬೀಳಬಹುದು. ಕೊಟ್ಟವರು ನೀವು, ಸಿಕ್ಕಿಬೀಳುವವರು ಅವರು.

ಅವರ ಫ್ರಿಜ್, ಮಿಕ್ಸಿ, ಮಂಚ ಯಾರಿಗೆ ಸಿಗುತ್ತದೆ?

ಈ ಪ್ರಶ್ನೆಯನ್ನು ಯಾರೂ ಜೋರಾಗಿ ಕೇಳುವುದಿಲ್ಲ. ಆದರೆ ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಮನೆ ಮಿಷನ್ ಹೆಸರಿನಲ್ಲಿದ್ದರೆ ಅಲ್ಲಿರುವ ಬಹುತೇಕ ಸಾಮಾನು ಮಿಷನ್‌ದೇ. ಮುಂದಿನವರಿಗೆ ಬೇಕು. ದಂಪತಿ ಸ್ವಂತ ದುಡ್ಡಲ್ಲಿ ಕೊಂಡದ್ದನ್ನು ಮಾತ್ರ ಕೊಡಬಹುದು.

ಹೊರಡುವ ದಂಪತಿಗೆ ನನ್ನ ಸಲಹೆ: ಒಬ್ಬೊಬ್ಬರನ್ನೇ ಕರೆದು ಗುಟ್ಟಾಗಿ ಕೊಡಬೇಡಿ. ಮಿಕ್ಸಿ ಒಬ್ಬರ ಮನೆಗೆ ಹೋದದ್ದು ಸಂಜೆಯೊಳಗೆ ವಾಟ್ಸಾಪ್‌ನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಬಿಷಪ್ ಮತ್ತು ರಿಲೀಫ್ ಸೊಸೈಟಿ ಅಧ್ಯಕ್ಷೆಗೆ ಪಟ್ಟಿ ಕೊಡಿ. ಯಾರಿಗೆ ನಿಜವಾಗಿ ಬೇಕು ಎಂದು ಅವರಿಗೆ ಗೊತ್ತಿರುತ್ತದೆ. ಬೈದರೆ ಬೈಗುಳ ತಿನ್ನಲೂ ಅವರು ಇಲ್ಲೇ ಇರುತ್ತಾರೆ, ನೀವಲ್ಲ.

ಮನೆ ಕೆಲಸದ ಅಕ್ಕನಿಗೆ ಏನು ಮಾಡಬೇಕು?

ಬೀಳ್ಕೊಡುಗೆ ಎಂದರೆ ಚರ್ಚಿನವರು ಮಾತ್ರ ನೆನಪಾಗುತ್ತಾರೆ. ಆದರೆ ದಂಪತಿ ಹೋದ ಮರುದಿನ ಕೆಲಸ ಕಳೆದುಕೊಳ್ಳುವವರು ಮನೆ ಕೆಲಸದ ಅಕ್ಕ. ಎರಡು ತಿಂಗಳು ಮೊದಲೇ ಅವರಿಗೆ ತಾರೀಖು ಹೇಳಿ. ಅಪಾರ್ಟ್‌ಮೆಂಟಿನಲ್ಲಿ ಬೇರೆ ಮನೆ ಹುಡುಕಿಕೊಡಿ. ಒಳ್ಳೆಯ ಮಾತು ಬರೆದ ಪತ್ರ ಕೊಡಿ, ಫೋನ್ ನಂಬರಿನ ಸಮೇತ. ಕೈಗೆ ಒಂದು ತಿಂಗಳ ಸಂಬಳ ಹೆಚ್ಚಿಗೆ ಇಡಿ. ಹಳೆಯ ಬಟ್ಟೆ, ಉಳಿದ ಬೇಳೆ ಕೊಟ್ಟು ಮುಗಿಸುವುದು ಸರಿಯಲ್ಲ. ದಿನಾ ಕರೆದೊಯ್ಯುತ್ತಿದ್ದ ಆಟೋ ಚಾಲಕ, ವಾಚ್‌ಮನ್, ಇಸ್ತ್ರಿಯವರಿಗೂ ನಿಂತು ಎರಡು ಮಾತಾಡಿ ಬನ್ನಿ.

ಅವರ ಹತ್ತಿರ ಸಾಲ, ಫೀಸು, ಅಮೆರಿಕದ ವೀಸಾ ಸಹಾಯ ಕೇಳಬಹುದಾ?

ಬೇಡ. ಕೊನೆಯ ವಾರದಲ್ಲಂತೂ ಬೇಡವೇ ಬೇಡ. ಅಳುತ್ತಾ ನಿಂತವರ ಮುಂದೆ ಯಾರಿಗೂ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಅಲ್ಲಿ ಹೋದ ಮೇಲೆ ಮಕ್ಕಳ ಜೊತೆ ಲೆಕ್ಕ ಹಾಕಿದಾಗ ಆಗುವುದಿಲ್ಲ ಎಂದು ಗೊತ್ತಾಗುತ್ತದೆ. ಆಮೇಲೆ ಫೋನ್ ಎತ್ತಲು ಅವರಿಗೆ ನಾಚಿಕೆ, ಮಾಡಲು ನಿಮಗೆ ಮುಜುಗರ. ಎರಡು ವರ್ಷದ ಸ್ನೇಹ ಅಲ್ಲಿಗೆ ಮುಗಿಯುತ್ತದೆ. ನಿಜವಾದ ಕಷ್ಟ ಇದ್ದರೆ ಬಿಷಪ್ ಹತ್ತಿರ ಹೋಗಿ. ಫಾಸ್ಟ್ ಆಫರಿಂಗ್ (ಉಪವಾಸದ ದಿನ ಕಷ್ಟದಲ್ಲಿರುವವರಿಗೆಂದು ಸದಸ್ಯರು ಕೊಡುವ ಕಾಣಿಕೆ) ಹಣ ಇರುವುದು ಅದಕ್ಕೇ. ಓದಿಗೆ ಸಹಾಯ ಬೇಕಾದರೂ ಅವರನ್ನೇ ಮೊದಲು ಕೇಳಿ.

ದಂಪತಿಯೂ ಮಾತು ಕೊಡುವಾಗ ಹಿಡಿತದಲ್ಲಿರಲಿ. 'ಮುಂದಿನ ವರ್ಷ ಬಂದೇ ಬರುತ್ತೇವೆ' ಎಂದು ಮಕ್ಕಳಿಗೆ ಹೇಳಬೇಡಿ. ಎಪ್ಪತ್ತರ ವಯಸ್ಸಿನಲ್ಲಿ ಅದು ನಿಮ್ಮ ಕೈಯಲ್ಲಿಲ್ಲ. ಮಕ್ಕಳು ಕಾಯುತ್ತಾರೆ.

ಬೆಂಗಳೂರು ಟೆಂಪಲ್ ಸಮರ್ಪಣೆಗೆ ಬರುತ್ತೇವೆ ಅನ್ನುತ್ತಾರಲ್ಲ?

ಇದೊಂದು ಮಾತಿಗೆ ತೂಕ ಇದೆ. ಟೆಂಪಲ್ ಎಂದರೆ ವಾರವಾರ ಸಭೆ ನಡೆಯುವ ಚರ್ಚ್ ಅಲ್ಲ, ವಿಶೇಷ ಪವಿತ್ರ ವಿಧಿಗಳಿಗೆ ಮೀಸಲಾದ ಕಟ್ಟಡ. ಭಾರತದ ಮೊದಲ ಟೆಂಪಲ್ ಬೆಂಗಳೂರಿನಲ್ಲಿ ಎಂದು ಅಂದಿನ ಅಧ್ಯಕ್ಷ ರಸೆಲ್ ಎಂ. ನೆಲ್ಸನ್ ಪ್ರಕಟಿಸಿದ್ದು 2018ರ ಏಪ್ರಿಲ್‌ನಲ್ಲಿ. ಅದೇ ತಿಂಗಳು ಬೆಂಗಳೂರಿಗೂ ಬಂದಿದ್ದರು. ಭೂಮಿಪೂಜೆಯ ಹಾಗಿನ ಮೊದಲ ಗುದ್ದಲಿ ಕಾರ್ಯಕ್ರಮ 2020ರ ಡಿಸೆಂಬರ್‌ನಲ್ಲಿ ಆಯಿತು. ಇಲ್ಲಿ ಸೇವೆ ಮಾಡಿದವರಿಗೆ ಆ ಕಟ್ಟಡದ ಮೇಲೆ ಮಗಳ ಮದುವೆಯಷ್ಟು ಆಸೆ. ಬರಲು ಪ್ರಯತ್ನ ಮಾಡುತ್ತಾರೆ, ಅದು ನಿಜ. ಆದರೂ ಅವರ ಆರೋಗ್ಯ, ವೀಸಾ ಎರಡೂ ಒಪ್ಪಬೇಕು.

ಪಕ್ಕದ ಮನೆಯವರಿಗೆ ಒಂದು ಮಾತು. ಟೆಂಪಲ್ ಸಮರ್ಪಣೆಗೆ ಮುಂಚೆ ಓಪನ್ ಹೌಸ್ ಇರುತ್ತದೆ. ಆಗ ಯಾವ ಧರ್ಮದವರಾದರೂ ಒಳಗೆ ಹೋಗಿ ನೋಡಬಹುದು. ಸಮರ್ಪಣೆ ಆದ ಮೇಲೆ ಹಾಗೆ ಒಳಗೆ ಬಿಡುವುದಿಲ್ಲ.

ಏರ್‌ಪೋರ್ಟಿಗೆ ಎಲ್ಲರೂ ಹೋಗೋಣವಾ?

ಬೇಡ. ಅಮೆರಿಕದ ಕಡೆಗೆ ಹೊರಡುವ ಎಷ್ಟೋ ವಿಮಾನಗಳು ಮಧ್ಯರಾತ್ರಿ ದಾಟಿದ ಮೇಲೆ. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಹೊರಗೆ ರಸ್ತೆ ಬದಿ ನಿಂತು ಮೂವತ್ತು ಜನ ಒಬ್ಬೊಬ್ಬರಾಗಿ ಅಪ್ಪಿಕೊಳ್ಳುತ್ತಾ ಅತ್ತರೆ, ಹಿರಿಯರಿಗೆ ಇಪ್ಪತ್ತು ತಾಸಿನ ಪ್ರಯಾಣದ ಸುಸ್ತು ಅಲ್ಲೇ ಶುರುವಾಗುತ್ತದೆ. ಸಾಮಾನು ಎತ್ತಬಲ್ಲ ಇಬ್ಬರು ಹೋಗಿ. ಹೆಬ್ಬಾಳದ ಟ್ರಾಫಿಕ್ ನೆನಪಿಟ್ಟುಕೊಂಡು ಹೊರಡಿ. ಮಂಡಿ ನೋವಿದ್ದರೆ ವೀಲ್‌ಚೇರ್ ಮೊದಲೇ ಬುಕ್ ಮಾಡಿಸಿ. ಬಿಗುಮಾನದಿಂದ ಬೇಡ ಅನ್ನುತ್ತಾರೆ, ಕೇಳಬೇಡಿ.

ಕಾಗದಪತ್ರದ ವಿಷಯ?

ಅದನ್ನು ಮಿಷನ್ ಆಫೀಸ್ ನೋಡುತ್ತದೆ. ದಂಪತಿ ಮಾತ್ರ ವೀಸಾದ ಕೊನೆಯ ದಿನಾಂಕ ಮತ್ತು ಟಿಕೆಟಿನ ದಿನಾಂಕ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಕೊಳ್ಳಲಿ. ಬೆಸ್ಕಾಂ ಬಿಲ್, ಗ್ಯಾಸ್, ಇಂಟರ್ನೆಟ್ ಯಾರ ಹೆಸರಿನಲ್ಲಿದೆ ಎಂದು ಬರೆದಿಡಿ.

ಅವರ ಮಿಷನ್ ನಿಜವಾಗಿ ಮುಗಿಯುವುದು ಯಾವಾಗ?

ವಿಮಾನ ಹತ್ತಿದಾಗಲ್ಲ. ಇಲ್ಲಿ ಮಿಷನ್ ಅಧ್ಯಕ್ಷರ ಜೊತೆ ಕೊನೆಯ ಸಂದರ್ಶನ ಆಗುತ್ತದೆ. ಊರಿಗೆ ಹೋದ ಮೇಲೆ ಅಲ್ಲಿನ ಸ್ಟೇಕ್ ಅಧ್ಯಕ್ಷರು ಅವರನ್ನು ರಿಲೀಸ್ ಮಾಡುತ್ತಾರೆ, ಅಂದರೆ ಸೇವೆಯಿಂದ ಬಿಡುಗಡೆ ಮಾಡುತ್ತಾರೆ. ಅಲ್ಲಿಯವರೆಗೂ ಅವರು ಮಿಷನರಿಗಳೇ, ಟ್ಯಾಗ್ ಕೂಡ ಎದೆಯ ಮೇಲೇ.

ಹೋದ ಮೇಲೆ ಫೋನ್ ಮಾಡಬಹುದಾ? ಅವರು ಉತ್ತರಿಸದಿದ್ದರೆ?

ಮಾಡಿ. ಯೂಟಾದಲ್ಲಿ ಚಳಿಗಾಲದಲ್ಲಿ ನಮಗಿಂತ ಹನ್ನೆರಡೂವರೆ ತಾಸು ಹಿಂದೆ, ಬೇಸಿಗೆಯಲ್ಲಿ ಹನ್ನೊಂದೂವರೆ. ನಮ್ಮ ರಾತ್ರಿ ಒಂಬತ್ತು ಅವರ ಬೆಳಗಿನ ಹೊತ್ತು. ಇಬ್ಬರಿಗೂ ಅನುಕೂಲ.

ಮೊದಲ ಕೆಲವು ವಾರ ಉತ್ತರ ಬರದಿದ್ದರೆ ಮರೆತರು ಎಂದು ಕೊರಗಬೇಡಿ. ಒಂದೂವರೆ ವರ್ಷ ಮುಟ್ಟದ ಹಲ್ಲಿನ ಡಾಕ್ಟರು, ತೆರಿಗೆ, ಸೋರುವ ನಲ್ಲಿ ಎಲ್ಲ ಕಾಯುತ್ತಿರುತ್ತವೆ. ಇವರು ಇಲ್ಲಿದ್ದಾಗ ಹುಟ್ಟಿದ ಮೊಮ್ಮಗುವನ್ನು ಮೊದಲ ಸಲ ಎತ್ತಿಕೊಳ್ಳುವುದೂ ಆಗಲೇ. ಆ ಮಗು ಇವರನ್ನು ನೋಡಿ ಅಳುತ್ತದೆ, ಇವರಿಗೆ ನಮ್ಮ ವಾರ್ಡಿನ ಮಕ್ಕಳು ನೆನಪಾಗುತ್ತಾರೆ. ಮನೆಗೆ ಬಂದ ಖುಷಿಯ ಜೊತೆಗೇ ಒಂಥರಾ ಖಾಲಿತನ. ದಿನಾ ಹತ್ತು ಜನಕ್ಕೆ ಬೇಕಾಗಿದ್ದವರಿಗೆ ಅಲ್ಲಿ ಬಾಗಿಲು ತಟ್ಟುವವರು ಇರುವುದಿಲ್ಲ. ದೊಡ್ಡ ಪತ್ರ ಬರೆಯದಿದ್ದರೂ ಪರವಾಗಿಲ್ಲ. ವಾರ್ಡಿನ ಒಂದು ಫೋಟೋ ಕಳಿಸಿ. ಅವರು ಕಲಿಸಿದ ಹುಡುಗ ಪಿಯಾನೋ ನುಡಿಸುವ ಹತ್ತು ಸೆಕೆಂಡಿನ ತುಣುಕು ಕಳಿಸಿ, ಅಭ್ಯಾಸದ ಹೊತ್ತಿನದ್ದು.

ಮಕ್ಕಳು ತುಂಬಾ ಅಳುತ್ತಿದ್ದಾರೆ. ಏನು ಹೇಳೋಣ?

ತಾತ ಅಜ್ಜಿ ಊರಿಗೆ ಹೋಗುತ್ತಿದ್ದಾರೆ, ಅಲ್ಲಿ ಅವರ ಮೊಮ್ಮಕ್ಕಳು ಕಾಯುತ್ತಿದ್ದಾರೆ ಎಂದು ನಿಜವನ್ನೇ ಹೇಳಿ. ಅಳಲಿ ಬಿಡಿ. ನಾಳೆ ಬರುತ್ತಾರೆ ಎಂದು ಸುಮ್ನೆ ಸಮಾಧಾನ ಮಾಡಬೇಡಿ. ಯುವ ಮಿಷನರಿಗಳನ್ನೂ ಮರೆಯಬೇಡಿ. ಬೇರೆ ರಾಜ್ಯದಿಂದ ಬಂದ ಹತ್ತೊಂಬತ್ತರ ಹುಡುಗರು ಎದುರಿಗೆ ಅಳುವುದಿಲ್ಲ. ಆ ವಾರ ಅವರನ್ನು ಊಟಕ್ಕೆ ಕರೆಯಿರಿ.

ಹೊಸ ದಂಪತಿ ಬಂದರೆ ಹಳೆಯವರ ಬಗ್ಗೆ ಎಷ್ಟು ಹೇಳಬೇಕು?

ಅವರು ಕೇಳಿದಷ್ಟು. 'ಹಿಂದಿನ ಸಿಸ್ಟರ್ ಹೀಗೆ ಮಾಡುತ್ತಿರಲಿಲ್ಲ' ಎಂಬ ಮಾತು ಮೊದಲ ತಿಂಗಳಲ್ಲಿ ಬಾಯಿಗೆ ಬರುತ್ತದೆ, ನುಂಗಿಕೊಳ್ಳಿ. ಹಿಂದಿನವರು ಬೇಕ್ ಮಾಡಿ ತರುತ್ತಿದ್ದರು, ಇವರಿಗೆ ಅಡುಗೆ ಮನೆಯೇ ಬೇಡ ಇರಬಹುದು. ಲೆಕ್ಕದಲ್ಲಿ ಗಟ್ಟಿಗರಿರಬಹುದು. ಕೆಲಸದ ಪಟ್ಟಿ ಕೈಗೆ ಕೊಡುವಾಗ ಅದರಲ್ಲಿ ಈಗಾಗಲೇ ವಾರ್ಡಿನವರ ಹೆಸರಿರುವ ಕೆಲಸಗಳನ್ನು ತೋರಿಸಿ. ಅವನ್ನು ವಾಪಸ್ ಅವರ ತಲೆಗೆ ಕಟ್ಟಬೇಡಿ.